ಓದಿನ ಜೊತೆಗೊಂದು ಸಣ್ಣ ವ್ಯಾಪಾರ: ನಿಮ್ಮ ಪ್ರಶ್ನೆ, ನನ್ನ ಉತ್ತರ

ನಮಸ್ಕಾರ. ಮೈಸೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ, ಆದಾಯ ತೆರಿಗೆ ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ಕಾಲೇಜು ಮಕ್ಕಳೂ ಆಫೀಸಿಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಲೈಸೆನ್ಸು, ತೆರಿಗೆ. ನಾನು ನೋಡಿದ ಹಾಗೆ ಓದುವವರ ವ್ಯಾಪಾರ ಮುಳುಗುವುದು ಅದರಿಂದಲ್ಲ. ಉದ್ರಿಯಿಂದ, ಮತ್ತೆ ತಮ್ಮ ಸಮಯಕ್ಕೆ ಬೆಲೆ ಕಟ್ಟದೇ ಇರುವುದರಿಂದ. ನೀವು ಕೇಳದಿದ್ದರೂ ಅದನ್ನು ನಡುವೆ ತರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ (ಎಂ.ಎ., ಮಾನಸಗಂಗೋತ್ರಿ): ಮೇಡಂ, ನಾನು ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಒಂದು ಸೀರೆಗೆ 450 ರೂಪಾಯಿ. ತಿಂಗಳಿಗೆ ಹತ್ತು ಹನ್ನೆರಡು ಸೀರೆ ಬರುತ್ತವೆ. ಆದರೂ ಕೈಯಲ್ಲಿ ದುಡ್ಡು ನಿಲ್ಲಲ್ಲ. ಎಲ್ಲಿ ಹೋಗುತ್ತೆ ಅಂತಾನೇ ಗೊತ್ತಾಗುತ್ತಿಲ್ಲ.

ಉತ್ತರ: ಒಂದು ಸೀರೆಗೆ ದಾರ, ಮಣಿ ಎಷ್ಟಾಗುತ್ತೆ? ಸೀರೆ ತರೋಕೆ, ಕೊಡೋಕೆ ಓಡಾಟ ಎಷ್ಟು? ಹಾಕೋಕೆ ಎಷ್ಟು ಹೊತ್ತು ಬೇಕು? ಹೇಳಿ, ಆಮೇಲೆ ಮಾತಾಡೋಣ.

ಅದೇ ವಿದ್ಯಾರ್ಥಿನಿ: ದಾರ ಮಣಿ 110 ಆಗುತ್ತೆ. ಆಟೋ, ಬಸ್ಸು ಸೇರಿ 60. ಬೇಬಿ ಕುಚ್ಚು ಆದರೆ ಎರಡು ಗಂಟೆ. ಕ್ರೋಶಾ ಡಿಸೈನ್ ಆದರೆ ಐದಾರು ಗಂಟೆ ಕೂರಬೇಕು.

ಉತ್ತರ: ಎರಡಕ್ಕೂ 450 ತಗೊಳ್ತಿದ್ದೀರಾ? ಅಲ್ಲೇ ಇದೆ ನೋಡಿ. ಖರ್ಚು ಕಳೆದರೆ ಉಳಿಯೋದು 280. ಬೇಬಿ ಕುಚ್ಚಿನಲ್ಲಿ ಗಂಟೆಗೆ 140 ಸಿಗುತ್ತೆ. ಕ್ರೋಶಾದಲ್ಲಿ ಸುಮಾರು 50. ಕಷ್ಟದ ಕೆಲಸಕ್ಕೆ ಕಮ್ಮಿ ಕೂಲಿ. ಗಿರಾಕಿಗಳು ಜಾಣರು, 450ಕ್ಕೆ ಕ್ರೋಶಾ ಸಿಗುವಾಗ ಬೇಬಿ ಕುಚ್ಚು ಯಾಕೆ ಕೇಳುತ್ತಾರೆ? ಕ್ರೋಶಾಗೆ ಬೇರೆ ದರ ಇಡಿ. ನಾಲ್ಕು ಜನ ಬಿಟ್ಟು ಹೋಗಲಿ, ಪರವಾಗಿಲ್ಲ. ಆ ಗಂಟೆಗಳಲ್ಲಿ ಓದಿಕೊಳ್ಳಬಹುದು.

ಓಡಾಟದ 60 ರೂಪಾಯಿಯನ್ನೂ ಅರ್ಧಕ್ಕೆ ಇಳಿಸಬಹುದು. ಮನೆ ಮನೆಗೆ ಹೋಗಬೇಡಿ. ಪರಿಚಯದ ಟೈಲರ್ ಅಂಗಡಿ ಒಂದನ್ನು ಹಿಡಿಯಿರಿ. ಫಾಲ್, ಪಿಕೋಗೆ ಅಂತ ಸೀರೆ ಹೇಗೂ ಅಲ್ಲಿಗೆ ಬರುತ್ತೆ. ವಾರಕ್ಕೆರಡು ಸಲ ಹೋಗಿ ಒಟ್ಟಿಗೆ ತನ್ನಿ, ಅವರಿಗೂ ಸೀರೆಗಿಷ್ಟು ಅಂತ ಕೊಡಿ.

ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಮ್ಮಿ. ಶ್ರಾವಣ ಬಂತೋ, ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲರಿಗೂ ಒಟ್ಟಿಗೇ ಬೇಕು. ಜಾಸ್ತಿ ಓಡುವ ಬಣ್ಣಗಳಲ್ಲಿ ದಾರ ಸುತ್ತಿ ಕುಚ್ಚು ಮುಂಚೆಯೇ ಕಟ್ಟಿಟ್ಟುಕೊಳ್ಳಿ. ಪರೀಕ್ಷೆ ವೇಳಾಪಟ್ಟಿ ಬಂದ ದಿನವೇ ವಾಟ್ಸಾಪ್ ಸ್ಟೇಟಸ್‌ನಲ್ಲಿ "ಈ ತಾರೀಖಿಂದ ಈ ತಾರೀಖಿನವರೆಗೆ ಸೀರೆ ತಗೊಳ್ಳಲ್ಲ" ಅಂತ ಹಾಕಿ.

ಇನ್ನೊಂದು. ಸೀರೆ ಕೈಗೆ ತಗೊಂಡಾಗಲೇ, ಕೊಟ್ಟವರ ಎದುರಿಗೇ ಸೆರಗು ಬಿಚ್ಚಿ ಬೆಳಕಿಗೆ ಹಿಡಿದು ಫೋಟೊ ತೆಗೆಯಿರಿ. ಎಣ್ಣೆ ಕಲೆ, ಜರಿ ಎದ್ದಿರೋದು, ಸಣ್ಣ ತೂತು ಎಲ್ಲ ಕಾಣಬೇಕು. ಹದಿನೈದು ಸಾವಿರದ ಸೀರೆ ಅದು. "ನೀನೇ ಕಲೆ ಮಾಡಿದ್ದು" ಅಂದರೆ ನಿಮ್ಮ ಸುಮಾರು ಐದು ತಿಂಗಳ ಲಾಭ ಅಲ್ಲಿಗೆ ಮುಗೀತು. ಅರ್ಧ ದುಡ್ಡು ಮುಂಗಡ, ಉಳಿದದ್ದು ಕೊಟ್ಟ ಮೇಲೆ ಸೀರೆ. ಚಿಕ್ಕಮ್ಮನಿಗೂ ಇದೇ ನಿಯಮ. ಚಿಕ್ಕಮ್ಮನಿಗೇ ಮೊದಲು!

ಪ್ರಶ್ನೆ (ಬಿ.ಎಸ್ಸಿ., ಮಂಡ್ಯ): ಮೇಡಂ, ನಮ್ಮ ದೊಡ್ಡಪ್ಪನದು ಆಲೆಮನೆ ಇದೆ. ಅಲ್ಲಿಂದ ಬೆಲ್ಲ ತಂದು ಅರ್ಧ ಕೆಜಿ ಪ್ಯಾಕೆಟ್ ಮಾಡಿ ಮೈಸೂರಿನಲ್ಲಿ ಮಾರಬೇಕು ಅಂತಿದ್ದೇನೆ. "ಸಾವಯವ ಬೆಲ್ಲ" ಅಂತ ಲೇಬಲ್ ಹಾಕಬಹುದಾ? ಹಾಸ್ಟೆಲ್ ರೂಮಿನಲ್ಲೇ ಪ್ಯಾಕ್ ಮಾಡಿದರೆ ಆಗುತ್ತಾ?

ಉತ್ತರ: ಹಾಸ್ಟೆಲ್ ರೂಮು ಬೇಡ. ತಿನ್ನೋ ಪದಾರ್ಥ ಪ್ಯಾಕ್ ಮಾಡಿ ಮಾರೋರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನು ಕೊಡೋದು ಒಂದು ವಿಳಾಸಕ್ಕೆ. ವಾರ್ಡನ್ ಆ ವಿಳಾಸಕ್ಕೆ ಒಪ್ಪಲ್ಲ, ಒಪ್ಪಬಾರದು ಕೂಡ. ಊರಿನ ಮನೆಯಲ್ಲೇ ಒಂದು ಕೋಣೆ ಚೊಕ್ಕವಾಗಿ ಇಟ್ಟುಕೊಂಡು ಅಲ್ಲೇ ಪ್ಯಾಕ್ ಮಾಡಿ. ನಿಮ್ಮಂಥ ಸಣ್ಣವರಿಗೆ ದೊಡ್ಡ ಲೈಸೆನ್ಸ್ ಬೇಕಿಲ್ಲ, ಮೂಲ ನೋಂದಣಿ ಸಾಕು. ಅದೇ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ತೂಕ, ಬೆಲೆ, ತಯಾರಾದ ತಾರೀಖು, ಎಷ್ಟು ದಿನ ಬಳಸಬಹುದು, ನಿಮ್ಮ ವಿಳಾಸ, ಹಸಿರು ಚುಕ್ಕೆ. ತಕ್ಕಡಿಗೆ ತೂಕ, ಅಳತೆ ಪರಿಶೀಲಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲಿ.

"ಸಾವಯವ" ಅನ್ನೋಕೆ ಬೇರೆಯೇ ನಿಯಮಗಳಿವೆ, ಕಬ್ಬಿನ ಗದ್ದೆಯಿಂದಲೇ ಲೆಕ್ಕ ಶುರುವಾಗುತ್ತೆ. ಆ ಪದ ಬಿಡಿ. ಬದಲಿಗೆ ಊರಿನ ಹೆಸರು ಹಾಕಿ, ಬಣ್ಣ ಬರಿಸೋಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿಲ್ಲ ಅಂತ ಬರೆಯಿರಿ. ಅದು ನಿಜ ಆಗಿದ್ದರೆ ಮಾತ್ರ. ದೊಡ್ಡಪ್ಪನನ್ನು ನೇರವಾಗಿ ಕೇಳಿ. ಹೊಳೆಯುವ ಹಳದಿ ಬೆಲ್ಲವನ್ನೇ ಮಂಡಿಯಲ್ಲಿ ಕೇಳುತ್ತಾರೆ ಅಂತ ಹೈಡ್ರೋಸ್ ಹಾಕೋರು ಇದ್ದಾರೆ. ಅದಿಲ್ಲದ ಬೆಲ್ಲ ಕಂದು ಬಣ್ಣಕ್ಕಿರುತ್ತೆ, ಆ ಬಣ್ಣವನ್ನೇ ನಿಮ್ಮ ಗುರುತು ಮಾಡಿಕೊಳ್ಳಿ.

ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ, ಪ್ಯಾಕೆಟ್ ಒಳಗೆ ಅಂಟಂಟಾಗುತ್ತೆ. ಜೂನ್‌ನಿಂದ ಕಮ್ಮಿ ತನ್ನಿ, ಆರ್ಡರ್ ಬಂದಷ್ಟೇ ಪ್ಯಾಕ್ ಮಾಡಿ. ಸಂಕ್ರಾಂತಿ, ಯುಗಾದಿ ಮುಂದೆ ಜಾಸ್ತಿ ತನ್ನಿ. ಹೊರ ರಾಜ್ಯಕ್ಕೆ ಕೊರಿಯರ್ ಮಾಡಿ ಮಾರೋ ಯೋಚನೆ ಈಗಲೇ ಬೇಡ. ಲೇಬಲ್ ಹಾಕಿದ ಪ್ಯಾಕೆಟ್ ಬೆಲ್ಲಕ್ಕೆ ಜಿಎಸ್‌ಟಿ ಇದೆ. ಅಂಥ ಸರಕನ್ನು ರಾಜ್ಯದ ಆಚೆಗೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತೆ. ಹೊಸೂರಿನ ಅತ್ತೆ ಮನೆಗೆ ಸುಮ್ನೆ ಎರಡು ಅಚ್ಚು ಕಳಿಸೋದು ಬೇರೆ ಮಾತು ಬಿಡಿ.

ಪ್ರಶ್ನೆ (ಬಿ.ಕಾಂ., ಮೈಸೂರು): ನಾನು ಕನ್ನಡ ಟೈಪಿಂಗ್, ಪ್ರಿಂಟ್, ಬೈಂಡಿಂಗ್ ಮಾಡಿಸಿಕೊಡುತ್ತೇನೆ. ತಿಂಗಳಿಗೆ 25,000 ವರೆಗೆ ಫೋನ್‌ಪೇಗೆ ಬರುತ್ತೆ. ಯುಪಿಐ ನೋಡಿ ನೋಟಿಸ್ ಕೊಡುತ್ತಾರೆ, ನಿಲ್ಲಿಸು ಅಂತ ಅಪ್ಪ ಹೇಳುತ್ತಿದ್ದಾರೆ.

ಉತ್ತರ: ಅಪ್ಪ ಹೇಳೋದು 2025ರ ಜುಲೈನಲ್ಲಿ ಆದದ್ದು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಿತ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಚೀಟಿ ಅಂಟಿಸಿದರು. ಆದರೆ ಆ ನೋಟಿಸ್ ಹೋದದ್ದು ಜಿಎಸ್‌ಟಿ ನೋಂದಣಿ ಬೇಕಾಗುವ ವಹಿವಾಟಿನ ಮಿತಿ ದಾಟಿದ ಹಾಗೆ ಕಂಡವರಿಗೆ. ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ. ನಿಮ್ಮದು ವರ್ಷಕ್ಕೆ 3 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲೂ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ, ನಿಮ್ಮ ಲಾಭ ಅದಕ್ಕಿಂತ ಎಷ್ಟೋ ಕಮ್ಮಿ. ಅಪ್ಪನಿಗೆ ಇದನ್ನೇ ತೋರಿಸಿ.

ಆದರೆ ಒಂದು ಅಭ್ಯಾಸ ಈಗಲೇ ಬಿಡಿ. ರೂಮ್‌ಮೇಟ್‌ಗಳ ಬಾಡಿಗೆ ಪಾಲು, ಟ್ರಿಪ್ಪಿನ ದುಡ್ಡು, ಗಿರಾಕಿಯ ದುಡ್ಡು ಎಲ್ಲ ಒಂದೇ ಖಾತೆಗೆ ಬೀಳುತ್ತೆ ಅಲ್ವಾ? ಬಾಡಿಗೆ ಪಾಲು ನಿಮ್ಮ ವಹಿವಾಟಲ್ಲ. ಆದರೆ ಮೂರು ವರ್ಷ ಆದಮೇಲೆ ಯಾರಾದರೂ ಕೇಳಿದರೆ ಬೇರ್ಪಡಿಸಿ ತೋರಿಸೋದು ತಲೆನೋವು. ಇನ್ನೊಂದು ಖಾತೆ ತೆಗೆದು ಕೆಲಸದ ಕ್ಯೂಆರ್ ಅದಕ್ಕೇ ಇಡಿ. ಪ್ರಿಂಟ್ ಅಂಗಡಿಗೆ ಕೊಡೋದೂ ಅದರಿಂದಲೇ ಹೋಗಲಿ. ಯಾವುದಾದರೂ ಸಂಸ್ಥೆ ನಿಮಗೆ ದುಡ್ಡು ಕೊಡುವಾಗ ಟಿಡಿಎಸ್ (ಮುಂಚೆಯೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದುಕೊಂಡಿದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಬಿಟ್ಟುಬಿಡೋರೇ ಜಾಸ್ತಿ.

ಅದೇ ವಿದ್ಯಾರ್ಥಿ: ಪ್ರಾಜೆಕ್ಟ್ ರಿಪೋರ್ಟನ್ನು ನಾನೇ ಬರೆದು ಕೊಟ್ಟರೆ ಮೂರು ಪಟ್ಟು ಕೊಡುತ್ತಾರೆ ಮೇಡಂ.

ಉತ್ತರ: ಬೇಡ ಕಣಪ್ಪ. ಟೈಪ್ ಮಾಡಿಕೊಡು, ಬೈಂಡ್ ಮಾಡಿಕೊಡು, ಕಾಗುಣಿತ ತಿದ್ದಿಕೊಡು. ಬೇರೆಯವರ ಪರವಾಗಿ ಬರೆದುಕೊಟ್ಟರೆ ಅವರ ಡಿಗ್ರಿಗೂ ಕುತ್ತು, ನಿನ್ನದಕ್ಕೂ ಕುತ್ತು.

ಪ್ರಶ್ನೆ (ಬಿ.ಬಿ.ಎ., ಮೈಸೂರು): ಹೊರಗಿನಿಂದ ಸೀರೆ ತರಿಸಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. "ಮೈಸೂರು ಸಿಲ್ಕ್" ಅಂತ ಹಾಕಿದರೆ ಬೇಗ ಹೋಗುತ್ತೆ. ತೊಂದರೆ ಇದೆಯಾ?

ಉತ್ತರ: ಇದೆ. ಮೈಸೂರು ರೇಷ್ಮೆಗೆ ಜಿಐ ಟ್ಯಾಗ್ (ಆ ಊರಿನ ಸರಕಿಗಷ್ಟೇ ಸಲ್ಲುವ ಹೆಸರಿನ ಗುರುತು) ಇದೆ, ಅದು ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿಯ ಹೆಸರಿನಲ್ಲಿದೆ. ಅವರ ಮೈಸೂರಿನ ಕಾರ್ಖಾನೆ 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದದ್ದು. ಬೇರೆ ಊರಿನ ಸೀರೆಗೆ ಆ ಹೆಸರು ಅಂಟಿಸೋದು ತಪ್ಪು. ಸೀರೆ ಎಲ್ಲಿಂದ ಬಂತೋ ಆ ಊರಿನ ಹೆಸರೇ ಹಾಕಿ.

ಪ್ರಶ್ನೆ (ಎಂಜಿನಿಯರಿಂಗ್, ಮೈಸೂರು): ನಾವು ಮೂವರು ಸ್ನೇಹಿತರು. ದಸರಾಗೆ ಟೀಶರ್ಟ್, ಬಟ್ಟೆ ಚೀಲ ಪ್ರಿಂಟ್ ಮಾಡಿಸಿ ಮಾರುವ ಪ್ಲಾನ್. ಸರ್ಕಾರದ ಮುದ್ರಾ ಯೋಜನೆಯ ಸಾಲ ತಗೊಳ್ಳೋಣ ಅಂತ ಒಬ್ಬ ಹೇಳುತ್ತಾನೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಏಜೆಂಟ್ 1,500 ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ತಗೊಳ್ಳಲ್ಲ. ಆಧಾರ್, ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತೆ. ಆ 1,500ಕ್ಕೆ ಚೀಲ ತನ್ನಿ.

ಮುದ್ರಾದಲ್ಲಿ "ಶಿಶು" ಅಂತ 50,000 ವರೆಗಿನ ಸಾಲ ಇದೆ, ನಿಜ. ಆದರೆ ದಸರಾ ಇರೋದು ಹತ್ತು ದಿನ, ಸಾಲದ ಕಂತು ವರ್ಷಗಟ್ಟಲೆ. ಮೂವರೂ ಸೇರಿ ಕೈಯಿಂದ ಹಾಕೋಕೆ ಆಗುವಷ್ಟೇ ಹಾಕಿ. ಮೊದಲು ಡಿಸೈನ್ ತೋರಿಸಿ ಕಾಲೇಜಿನಲ್ಲಿ ಮುಂಗಡ ಆರ್ಡರ್ ತಗೊಳ್ಳಿ, ಆಮೇಲೆ ಪ್ರಿಂಟ್. ಟೀಶರ್ಟಿನಲ್ಲಿ ಸೈಜಿನ ಗೋಳು ಇದೆ. ಎಂ, ಎಲ್ ಖಾಲಿಯಾಗಿ ಎಸ್, ಡಬಲ್ ಎಕ್ಸ್‌ಎಲ್ ಕಟ್ಟು ನಿಮ್ಮ ಮಂಚದ ಕೆಳಗೆ ಉಳಿಯುತ್ತೆ. ಚೀಲಕ್ಕೆ ಸೈಜಿಲ್ಲ. ಅದಕ್ಕೇ ಮೊದಲ ವರ್ಷ ಚೀಲ ಮಾತ್ರ ಮಾಡಿ. ಇಸವಿ ಪ್ರಿಂಟ್ ಮಾಡಿಸಬೇಡಿ, ಉಳಿದದ್ದು ಮುಂದಿನ ದಸರಾಗೂ ಹೋಗುತ್ತೆ.

ಅರಮನೆ ಸುತ್ತ ಫುಟ್‌ಪಾತ್ ಮೇಲೆ ಹರಡಿ ಕೂರೋ ಯೋಚನೆ ಇದ್ದರೆ ಬಿಡಿ. ಬೀದಿ ವ್ಯಾಪಾರಕ್ಕೆ 2014ರ ಕಾಯ್ದೆ ಪ್ರಕಾರ ಪ್ರಮಾಣಪತ್ರ ಬೇಕು. ಜೊತೆಗೆ ಅಲ್ಲಿ ವರ್ಷವಿಡೀ ಹೊಟ್ಟೆಪಾಡಿಗೆ ಕೂರೋರ ಜಾಗ ಅದು.

ಅದೇ ವಿದ್ಯಾರ್ಥಿ: ನಾವು ಮೂವರೂ ಕ್ಲೋಸ್ ಫ್ರೆಂಡ್ಸ್ ಮೇಡಂ, ಅಗ್ರಿಮೆಂಟ್ ಎಲ್ಲ ಬೇಕಾ?

ಉತ್ತರ: ಬೇಕು. ಲಾಭ ಹಂಚಿಕೊಳ್ಳೋಣ ಅಂತ ಸೇರಿ ವ್ಯಾಪಾರ ಮಾಡಿದರೆ, ಬರೆದಿಟ್ಟರೂ ಇಡದಿದ್ದರೂ ಕಾನೂನಿನ ಕಣ್ಣಿಗೆ ಅದು ಪಾಲುದಾರಿಕೆಯೇ. ವ್ಯಾಪಾರಕ್ಕೆ ಅಂತ ನಿಮ್ಮಲ್ಲೊಬ್ಬ ಪ್ರಿಂಟಿಂಗ್‌ನವರ ಹತ್ತಿರ ಉದ್ರಿ ಹೇಳಿ ಬಂದರೆ ಮೂವರೂ ಹೊಣೆ. ಒಂದು ಹಾಳೆಯಲ್ಲಿ ಬರೆಯಿರಿ: ಯಾರು ಎಷ್ಟು ಹಾಕಿದರು, ಅಂಗಡಿಯಲ್ಲಿ ಯಾರು ಎಷ್ಟು ಹೊತ್ತು ನಿಲ್ಲಬೇಕು, ಇಂಟರ್ನಲ್ಸ್ ಬಂದಾಗ ಯಾರು ನೋಡಿಕೊಳ್ಳುತ್ತಾರೆ, ಉಳಿದ ಮಾಲು ಯಾರಿಗೆ, ಮಧ್ಯದಲ್ಲಿ ಬಿಟ್ಟವನಿಗೆ ಏನು ವಾಪಸ್. ಮೂವರೂ ಸಹಿ ಹಾಕಿ ಫೋಟೊ ತೆಗೆದು ಇಟ್ಟುಕೊಳ್ಳಿ. ಸಹಿ ಹಾಕೋಕೆ ಯಾರಾದರೂ ಹಿಂದೆ ಮುಂದೆ ನೋಡಿದರೆ ಅವನನ್ನು ಗಿರಾಕಿ ಮಾಡಿಕೊಳ್ಳಿ, ಪಾಲುದಾರ ಬೇಡ.