ಟಿಡಿಎಸ್ ಸರಿ ಇದೆ, ಆದರೂ ಮಾಳಿಗೆ ಮೇಲಿನ ತೊಟ್ಟಿಯಲ್ಲಿ ಗಪ್ಪಿ ಮೀನು ಯಾಕೆ ಸಾಯುತ್ತಿವೆ?

ಮಾಳಿಗೆ ಕೊಳ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಮನೆ ಮಾಳಿಗೆ ಮೇಲೆ 200 ಲೀಟರ್ ಹಿಡಿಯುವ ಹೊಸ ಸಿಮೆಂಟ್ ತೊಟ್ಟಿ ಇಟ್ಟು 20 ದಿನ ಆಯಿತು. ಬೋರ್ ನೀರು ತುಂಬಿಸಿ, ಒಂದು ತಾವರೆ ಕುಂಡ ಇಳಿಸಿ, ಮೂರನೇ ದಿನಕ್ಕೇ 15 ಗಪ್ಪಿ ಬಿಟ್ಟೆ. ಈಗ 6 ಉಳಿದಿವೆ. ಮಗಳು ಶಾಲೆಗೆ ಹೋಗುವ ಮೊದಲು ಎಣಿಸಿ ಹೋಗುತ್ತಾಳೆ, ಸಂಜೆ ಬಂದು ಎಣಿಸಿದರೆ ಒಂದು ಕಡಿಮೆ ಇರುತ್ತದೆ. ನೀರು ತಿಳಿಯಾಗಿದೆ, ತಳದ ಕುಂಡ ಚೆನ್ನಾಗಿ ಕಾಣುತ್ತದೆ, ವಾಸನೆಯೂ ಇಲ್ಲ. ಟಿಡಿಎಸ್ ಮೀಟರಿನಲ್ಲಿ 700 ಬರುತ್ತದೆ, ಗಪ್ಪಿಗೆ ಅಷ್ಟು ನಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತೊಟ್ಟಿ ಕೆಳಗೆ ಶಹಾಬಾದ್ ಫರ್ಸಿ (ಹಾಸುಗಲ್ಲು) ಇದೆ, ಒಳಗೂ ಎರಡು ತುಂಡು ಹಾಕಿದ್ದೇನೆ. ಅದರಿಂದ ಏನಾದರೂ ಆಗಿರಬಹುದಾ? ಇನ್ನೇನು ಟೆಸ್ಟ್ ಮಾಡಬೇಕು, ದಯವಿಟ್ಟು ಹೇಳಿ.

ಅಂತರಗಂಗೆ, ಬೀದರ್

ಅಣ್ಣಾ, ಮೊದಲು ಆ ಟಿಡಿಎಸ್ ಮೀಟರ್ ಪಕ್ಕಕ್ಕಿಡಿ. ನೀರಿನಲ್ಲಿ ಒಟ್ಟು ಎಷ್ಟು ಉಪ್ಪು ಕರಗಿದೆ ಅಂತ ಅದು ಅಂದಾಜು ಹೇಳುತ್ತದೆ, ಅಷ್ಟೇ. ಮೀನಿನ ಹೊಲಸು, ಕೊಳೆತ ಗೊಬ್ಬರದಿಂದ ಬರುವ ಅಮೋನಿಯಾ ಒಂದು ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಇದ್ದರೂ 700ರಲ್ಲಿ ಅದು ಕಾಣುವುದೇ ಇಲ್ಲ. ಹನಿ ಹಾಕಿ ಬಣ್ಣ ನೋಡುವ ಕಿಟ್ ತರಿಸಿ, ಅಮೋನಿಯಾದ್ದು ಒಂದು, ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಪಿಎಚ್‌ದು ಒಂದು. ಪಿಎಚ್‌ಗೆ ಜಾಸ್ತಿ ಮಟ್ಟ ತೋರಿಸುವುದನ್ನೇ ಕೇಳಿ, ನಮ್ಮ ಕಡೆ ಬೋರ್ ನೀರಿಗೆ ಅದೇ ಬೇಕು.

ಇವೆರಡನ್ನೂ ಒಟ್ಟಿಗೆ ನೋಡಬೇಕು. ನೀರು 30 ಡಿಗ್ರಿ ಇದ್ದಾಗ ಪಿಎಚ್ 7 ಆದರೆ ಕಿಟ್ ತೋರಿಸುವ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷವಾಗಿರುವುದಿಲ್ಲ, ಅದೇ ನೀರು ಪಿಎಚ್ 9ಕ್ಕೆ ಏರಿದರೆ ನೂರರಲ್ಲಿ 40ಕ್ಕಿಂತ ಜಾಸ್ತಿ ಪಾಲು ಮೀನಿನ ಕಿವಿರು ಸುಡುವ ವಿಷವಾಗುತ್ತದೆ. ಬಿಸಿಲು ಏರಿದಂತೆ ಇನ್ನೂ ಜಾಸ್ತಿ. ನಿಮ್ಮ ಮೀನು ಹಗಲಲ್ಲೇ ಸಾಯುತ್ತಿವೆ ಅಲ್ವಾ, ಅದಕ್ಕೇ ನನಗೆ ಇದರ ಮೇಲೆ ಅನುಮಾನ.

ಫರ್ಸಿ ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ, ಆದರೆ ಪಿಎಚ್ ಅನ್ನು 8ರ ಆಸುಪಾಸಿಗಿಂತ ಬಹಳ ಮೇಲೆ ಒಯ್ಯುವುದಿಲ್ಲ. ಹೊಸ ಸಿಮೆಂಟ್ ಹಾಗಲ್ಲ, ಸುಣ್ಣ ಬಿಡುತ್ತಲೇ ಇರುತ್ತದೆ. ಖಾತ್ರಿ ಮಾಡಿಕೊಳ್ಳಲು ಅದೇ ಬೋರ್ ನೀರನ್ನು ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಂದು ದಿನ ಇಟ್ಟು ಆ ನೀರನ್ನೂ ತೊಟ್ಟಿ ನೀರನ್ನೂ ಟೆಸ್ಟ್ ಮಾಡಿ. ಬೋರಿನಿಂದ ಆಗಷ್ಟೇ ಬಂದ ನೀರು ನೋಡಬೇಡಿ, ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೋಗುವವರೆಗೆ ಪಿಎಚ್ ಕಡಿಮೆಯೇ ತೋರಿಸುತ್ತದೆ.

ಇನ್ನೊಂದು, ತಾವರೆ ಕುಂಡಕ್ಕೆ ಸೆಗಣಿ ಗೊಬ್ಬರ ಹಾಕಿದ್ದೀರಾ?

ಭೀಮಾ ದಂಡೆ, ಯಾದಗಿರಿ

ಅಕ್ಕ ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ, ಟೆಸ್ಟ್ ಮಾಡುವ ಹೊತ್ತು ಬರೆದಿಟ್ಟುಕೊಳ್ಳಿ. ನನ್ನ ಡ್ರಮ್‌ನಲ್ಲಿ ನೀರು ಹಸಿರಾಗಿದ್ದಾಗ ಮೀನು ಸಾಯುತ್ತಿದ್ದದ್ದು ಬೆಳಗಿನ ಜಾವ, ಪಾಚಿ ರಾತ್ರಿಯೆಲ್ಲ ಆಮ್ಲಜನಕ ಎಳೆದುಕೊಂಡು ಐದು ಗಂಟೆಗೆ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅದೇ ಪಾಚಿ ಹಗಲಲ್ಲಿ ಪಿಎಚ್ ಏರಿಸುತ್ತದೆ. ಹಾಗಾಗಿ ಹೊತ್ತು ಹುಟ್ಟುವ ಮೊದಲು ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ ನೋಡಿ. ನೀರನ್ನು ಮೇಲ್ಪದರದಿಂದ ತೆಗೆಯಬೇಡಿ, ಮೊಣಕೈವರೆಗೆ ಕೈ ಇಳಿಸಿ ತೆಗೆಯಿರಿ. ಬಣ್ಣವನ್ನು ಬಿಳಿ ಹಾಳೆ ಮುಂದೆ, ಹಗಲ ಬೆಳಕಿನಲ್ಲಿ ನೋಡಿ.

ಮಾಳಿಗೆ ಕೊಳ, ಕಲಬುರಗಿ

ಅಕ್ಕಾ, ಅಣ್ಣಾ, ಕಿಟ್ ಬಂತು. ಬಕೆಟ್ ನೀರಿನ ಪಿಎಚ್ 8.0. ತೊಟ್ಟಿ ನೀರು ಬೆಳಿಗ್ಗೆಯೇ 8.8, ಚಾರ್ಟಿನಲ್ಲಿ ಅದೇ ಕೊನೆಯ ಬಣ್ಣ. ಸಂಜೆ ನೋಡಿದರೆ ಕೊಳವೆ ಆ ಕೊನೆಯ ಬಣ್ಣಕ್ಕಿಂತ ಗಾಢ ನೇರಳೆ. ನೀರು 36 ಡಿಗ್ರಿ. ಅಮೋನಿಯಾ ಹಳದಿ ದಾಟಿ ಹಸಿರು, ಸುಮಾರು 1 ಪಿಪಿಎಂ. ಹೌದು, ಕುಂಡದ ತಳಕ್ಕೆ ಎರಡು ಬೊಗಸೆ ಸೆಗಣಿ ಗೊಬ್ಬರ ಹಾಕಿದ್ದೆ, ತಾವರೆ ಬೇಗ ಚಿಗುರಲಿ ಅಂತ. ಈಗ ಲಿಂಬೆಹಣ್ಣು ಹಿಂಡಿದರೆ ಪಿಎಚ್ ಇಳಿಯುತ್ತದಾ?

ಅಂತರಗಂಗೆ, ಬೀದರ್

ಮೀನು ಇರುವಾಗ ಹುಳಿ ಏನೂ ಹಾಕಬೇಡಿ ಅಣ್ಣಾ. ಇವತ್ತು ಇಳಿಯುತ್ತದೆ, ಸಿಮೆಂಟ್ ನಾಳೆ ಮತ್ತೆ ಏರಿಸುತ್ತದೆ, ಆ ಏರಿಳಿತವೇ ಮೀನನ್ನು ಕೊಲ್ಲುತ್ತದೆ. ಒಂದು ದೊಡ್ಡ ಪ್ಲಾಸ್ಟಿಕ್ ಟಬ್‌ಗೆ ಆ ಬಕೆಟ್ ನೀರಿನ ತರಹ ಒಂದು ದಿನ ಇಟ್ಟ ಬೋರ್ ನೀರು ತುಂಬಿ, ನೆರಳಿಗಿಟ್ಟು, ಎರಡೂ ನೀರಿನ ಬಿಸಿ ಹೊಂದಿದ ಮೇಲೆ ಆರನ್ನೂ ಅದಕ್ಕೆ ಬಿಡಿ. ಮೇವು ಚಿಟಿಕೆಯಷ್ಟೇ, ಅದೂ ದಿನ ಬಿಟ್ಟು ದಿನ. ಅಲ್ಲೂ ಅಮೋನಿಯಾ ನೋಡುತ್ತಿರಿ, ಹಸಿರು ತಿರುಗಿದರೆ ಅವತ್ತೇ ಅರ್ಧ ನೀರು ಬದಲಿಸಿ.

ತೊಟ್ಟಿ ಪೂರ್ತಿ ಖಾಲಿ ಮಾಡಿ, ವಿನೆಗರ್ ಹಚ್ಚಿ ಉಜ್ಜಿ ತೊಳೆಯಿರಿ. ಆಮೇಲೆ ನೀರು ತುಂಬಿ ಮೂರು ದಿನಕ್ಕೊಮ್ಮೆ ಚೆಲ್ಲುತ್ತಾ ಹೋಗಿ, ಗಿಡಗಳಿಗೆ ಹಾಕಬೇಡಿ. ಒಂದು ದಿನ ನಿಂತ ತೊಟ್ಟಿ ನೀರೂ ಬಕೆಟ್ ನೀರೂ ಒಂದೇ ಬಣ್ಣ ತೋರಿಸುವವರೆಗೆ ಮೀನು ಬಿಡಬೇಡಿ. ಮೇಲೆ ಗ್ರೀನ್ ನೆಟ್ ಕಟ್ಟಿ, ಕಲಬುರಗಿ ಬಿಸಿಲಿಗೆ ಅದಿಲ್ಲದೆ ಆಗುವುದಿಲ್ಲ.

ಮಾಳಿಗೆ ಕೊಳ, ಕಲಬುರಗಿ

ಆರನ್ನೂ ನೀಲಿ ಟಬ್‌ಗೆ ಬಿಟ್ಟು ಎಂಟು ದಿನ ಆಯಿತು. ಇವತ್ತು ಸಂಜೆಯೂ ಮಗಳು ಎಣಿಸಿದಳು, ಆರೂ ಇವೆ. ತೊಟ್ಟಿ ಎರಡು ಸಲ ಚೆಲ್ಲಿದ್ದೇನೆ, ಇನ್ನೂ ನೇರಳೆಯೇ ಬರುತ್ತಿದೆ. ಮುಂದಿನ ವಾರ ಮತ್ತೆ ಬಣ್ಣ ನೋಡಿ ಇಲ್ಲೇ ಬರೆಯುತ್ತೇನೆ.