ಪದಚರ್ಚೆ: ‘ಕ್ಷಾರಸೂತ್ರ’ವನ್ನು ‘ಖಾರದ ದಾರ’ ಎನ್ನಬಹುದೇ?

ಪ್ರಶ್ನೆ:
ಆಯುರ್ವೇದ ಚಿಕಿತ್ಸೆಯ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಕ್ಷಾರಸೂತ್ರದ ಬಗ್ಗೆ ಕರಡಿನಲ್ಲಿ ‘ಮೂಲವ್ಯಾಧಿಗೆ ಖಾರದ ದಾರ ಕಟ್ಟುವ ಚಿಕಿತ್ಸೆ’ ಎಂದಿದೆ. ಕ್ಷಾರ, ಖಾರ ಎರಡೂ ಒಂದೇ ತಾನೇ? ಭಗಂದರವನ್ನೂ (ಫಿಸ್ಟುಲಾ) ‘ಮೂಲವ್ಯಾಧಿ’ ಎಂದೇ ಬರೆದರೆ ಜನರಿಗೆ ಸುಲಭವಲ್ಲವೇ? ಬಲ್ಲವರು ತಿಳಿಸಬೇಕು.

ಉತ್ತರ:
‘ಖಾರ’ ಖಂಡಿತ ಬೇಡ. ಖಾರ ಎಂದೊಡನೆ ಮೆಣಸಿನಕಾಯಿ ಕಣ್ಣಮುಂದೆ ಬರುತ್ತದೆ, ಅದೂ ಆ ಜಾಗಕ್ಕೆ! ರೋಗಿ ಕರಪತ್ರ ಅಲ್ಲೇ ಮಡಚಿಟ್ಟು ಎದ್ದು ಹೋದಾನು.

ಇಲ್ಲಿ ಕ್ಷಾರವೆಂದರೆ ಬೂದಿಯಿಂದ ತೆಗೆದ ಉಪ್ಪಿನಂಥ ಪುಡಿ. ಉತ್ತರಾಣಿ ಗಿಡವನ್ನು ಒಣಗಿಸಿ ಸುಟ್ಟು, ಬೂದಿಯನ್ನು ಅದರ ಆರರಷ್ಟು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿ, ತಿಳಿನೀರನ್ನು ಬತ್ತಿಸಿದರೆ ತಳದಲ್ಲಿ ಉಳಿಯುವುದೇ ಅಪಾಮಾರ್ಗ (ಉತ್ತರಾಣಿಯ ಸಂಸ್ಕೃತ ಹೆಸರು) ಕ್ಷಾರ. ಇದು ಹುಳಿಗೆ ಎದುರಾದದ್ದು. ಮೂಲವ್ಯಾಧಿಯ ಮೊಳೆಗೆ ಕ್ಷಾರ ಹಚ್ಚುವ ಕ್ರಮ ನೋಡಿ: ವೈದ್ಯರು ನೂರು ಎಣಿಸುವಷ್ಟು ಹೊತ್ತು ಬಿಟ್ಟು, ಮೊಳೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ ಕೂಡಲೇ ನಿಂಬೆರಸದಿಂದ ತೊಳೆಯುತ್ತಾರೆ. ಬಣ್ಣ ತಿರುಗುವ ಮೊದಲೇ ತೊಳೆದರೆ ಮೊಳೆ ಪೂರ್ತಿ ಸುಡುವುದಿಲ್ಲ. ತಡವಾದರೆ ಅಕ್ಕಪಕ್ಕದ ಒಳಪೊರೆಯೂ ಸುಟ್ಟು ಹುಣ್ಣಾಗುತ್ತದೆ, ಅದು ಮಾಯುವಾಗ ದ್ವಾರ ಕಿರಿದಾಗುವುದೂ ಉಂಟು. ಮೆಣಸಿನ ಖಾರವಾಗಿದ್ದರೆ ನಿಂಬೆರಸಕ್ಕೇನು ಕೆಲಸ?

ಇನ್ನು ಸೂತ್ರ, ಅಂದರೆ ದಾರ. 20ನೇ ನಂಬರಿನ ಲಿನನ್ ದಾರವನ್ನು ಚೌಕಟ್ಟಿಗೆ ಬಿಗಿದು ಕಳ್ಳಿಹಾಲು ಸವರುತ್ತಾರೆ. ಬರೀ ಹಾಲಿನದು 11 ಲೇಪ, ಹಾಲಿನ ಮೇಲೆ ಕ್ಷಾರ ಉದುರಿಸಿ 7, ಅರಿಶಿನ ಉದುರಿಸಿ 3, ಒಟ್ಟು 21. ಒಂದು ಲೇಪ ಒಣಗದೆ ಮುಂದಿನದಿಲ್ಲ. ಕ್ಷಾರ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಅವಸರ ಮಾಡಿದರೆ ಲೇಪ ಪದರಪದರವಾಗಿ ಉದುರಿ, ಕೊನೆಗೆ ಉಳಿಯುವುದು ಬರೀ ದಾರ. ಅದಕ್ಕೇ ಒಣಗಿಸುವ ಪೆಟ್ಟಿಗೆ, ಮುಚ್ಚಿದ ಕೊಳವೆ ಎಲ್ಲ.

ಭಗಂದರವನ್ನು ಮೂಲವ್ಯಾಧಿ ಎಂದು ಬರೆಯಲೇಬೇಡಿ. ಮೂಲವ್ಯಾಧಿ ಎಂದರೆ ಊದಿದ ರಕ್ತನಾಳಗಳ ಮೊಳೆ. ಅದರ ಬುಡಕ್ಕೆ ದಾರ ಬಿಗಿದರೆ ಸುಮಾರು ಒಂದು ವಾರದಲ್ಲಿ ಕಳಚಿ ಬೀಳುತ್ತದೆ. ಭಗಂದರ ಕೀವು ಸೋರುವ ಸುರಂಗ. ದಾರವನ್ನು ಅದರೊಳಗೆ ತೂರಿಸಿ ಗಂಟು ಹಾಕಬೇಕು. ವಾರಕ್ಕೊಮ್ಮೆ ಹಳೆಯ ದಾರಕ್ಕೆ ಹೊಸದನ್ನು ಕಟ್ಟಿ ಎಳೆದು ಬದಲಿಸುತ್ತಾರೆ. ವಾರಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ಕತ್ತರಿಸುತ್ತ, ಹಿಂದಿನಿಂದ ಮಾಯುತ್ತ ಬರುತ್ತದೆ. ಸುರಂಗ 5 ಸೆಂ.ಮೀ. ಇದ್ದರೆ ಒಂದು ತಿಂಗಳ ಮೇಲೇ ಹಿಡಿಯಿತು. ಎರಡಕ್ಕೂ ಒಂದೇ ಹೆಸರಿಟ್ಟರೆ ಭಗಂದರದವರು ‘ವಾರದಲ್ಲಿ ಮುಗಿಯುತ್ತೆ ಅಂದ್ರಲ್ಲ’ ಎಂದು ನಡುವೆಯೇ ಬಿಟ್ಟುಬಿಡುತ್ತಾರೆ. ಮಲದ್ವಾರದ ಬಿರುಕಿಗೆ (ಪರಿಕರ್ತಿಕೆ, ಫಿಶರ್) ಬೇರೆಯದೇ ಉಪಚಾರ, ಅದನ್ನೂ ಇದರಲ್ಲಿ ಸೇರಿಸಬೇಡಿ.

ನನ್ನ ಸಲಹೆ: ಮೊದಲ ಸಲ ‘ಕ್ಷಾರಸೂತ್ರ (ಕ್ಷಾರ ಲೇಪಿಸಿದ ದಾರ)’, ಆಮೇಲೆ ಬರೀ ‘ಕ್ಷಾರಸೂತ್ರ’.

ಮತ್ತೊಬ್ಬರು:
ಒಪ್ಪಿದೆ. ಪಥ್ಯದ ಭಾಗದಲ್ಲಿ ‘ಸೂರಣ’ ಎಂದಿದ್ದರೆ ‘ಸುವರ್ಣಗೆಡ್ಡೆ’ ಮಾಡಿ. ಸಂಸ್ಕೃತದಲ್ಲಿ ಇದಕ್ಕೆ ಅರ್ಶೋಘ್ನ (ಮೂಲವ್ಯಾಧಿಯನ್ನು ನಾಶಮಾಡುವುದು) ಎಂಬ ಹೆಸರೂ ಇದೆ. ಹುಣಸೆರಸ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದೂ ಸೇರಿಸಿ, ಅರೆಬೆಂದರೆ ಗಂಟಲು ತುರಿಸುತ್ತದೆ. ‘ಗುದ’ ಎನ್ನಲು ಸಂಕೋಚವಾದರೆ ‘ಮಲದ್ವಾರ’ ಸಾಕು. ‘ಗುಪ್ತಾಂಗ’ ಬೇಡ, ಜನ ಅದನ್ನು ಬೇರೆ ಕಡೆಗೆ ಅರ್ಥಮಾಡಿಕೊಳ್ಳುತ್ತಾರೆ.