ಸಹಾಯ ಬೇಕು: ಬಿಸಿಯಾದರೆ ನಿಂತುಬಿಡುವ 1984ರ ಪದ್ಮಿನಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು 1984ರ ಪ್ರೀಮಿಯರ್ ಪದ್ಮಿನಿ ಕಾರು ತಗೊಂಡೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದ ಗೇರು, ಎಲ್ಲ ಹಳೆಯದೇ ಇದೆ. ಅಪ್ಪ ಓಡಿಸುತ್ತಿದ್ದದ್ದೂ ಇಂಥದ್ದೇ ಗಾಡಿ. ತುಂಬಾ ಆಸೆಪಟ್ಟು ಕೊಂಡಿದ್ದೇನೆ.

ಬೆಳಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿ ತುಮಕೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಸಾಕು, ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಬಾನೆಟ್ ತೆಗೆದು 20 ನಿಮಿಷ ಕಾದರೆ ಮತ್ತೆ ಹೊರಡುತ್ತದೆ. ಟೆಂಪರೇಚರ್ ಮುಳ್ಳು ಮಾತ್ರ ಮಧ್ಯದಲ್ಲೇ ಇರುತ್ತದೆ.

ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ ಅಲ್ವಾ, ಆ ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತಿದೆಯಾ ಅಂತ ಅನುಮಾನ. ಒಮ್ಮೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೆ, ಬೇಗ ಸ್ಟಾರ್ಟ್ ಆಯಿತು. ಆದರೆ ಪ್ಲಗ್ಗಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಸೋತಿದ್ದರೂ ಬಿಸಿಯಾದಾಗ ಹೀಗೇ ಆಗುತ್ತದಂತೆ. ಅದೇ ಕಿಡಿ ವ್ಯವಸ್ಥೆಯ ಪಾಯಿಂಟ್ ಹೊಸದು ಹಾಕಿಸಿದ್ದೇನೆ. ಮೆಕ್ಯಾನಿಕ್ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನೇ ಬದಲಿಸಿ ಅನ್ನುತ್ತಿದ್ದಾರೆ. ಕಾರಣ ಗೊತ್ತಾಗದೆ ಸುಮ್ನೆ ಒಂದೊಂದೇ ಬದಲಿಸುತ್ತಾ ಹೋಗಲು ನನಗೆ ಮನಸ್ಸಿಲ್ಲ.

ಗಾಡಿ ನಿಂತ ತಕ್ಷಣ ಮೊದಲು ಏನು ನೋಡಬೇಕು? ಪ್ಲಗ್ಗಿನ ಕಿಡಿಯಾ, ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿದೆಯಾ ಅಂತಲಾ? ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಕಿಟ್ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಈಗಲೂ ಸಿಗುತ್ತದಾ? ಪದ್ಮಿನಿ ಇಟ್ಟುಕೊಂಡಿರುವವರು ದಯವಿಟ್ಟು ಹೇಳಿ. ಮುಂದಿನ ವಾರ ಅಪ್ಪನನ್ನು ಕೂರಿಸಿಕೊಂಡು ಊರಿಗೆ ಹೋಗಬೇಕು.